ನೀಲಗಿರಿ ಮರದ ಪಥ್ಯ

ಇದು ನಡೆದದ್ದೇ. ನಂಬಿಕೆ ಬರದಿದ್ದರೆ ದೇವನಹಳ್ಳಿಯ ಸರ್ಕಾರಿ ಬಂಗಲೆಗೆ ಹೋಗಿ ಆ ಮರವನ್ನೇ ಕೇಳಿ. ಪಾಪ, ಮುಚ್ಚಿಡಲು ಅದರ ಮೈಮೇಲೆ ಏನೂ ಉಳಿದಿಲ್ಲ.

ಯುದ್ಧದ ಕಾಲ. ಕಾಯಂ ಕೆಲಸವೆಂದರೆ ಸೀಮೆಎಣ್ಣೆಗಿಂತ ದುರ್ಲಭ. ಮಧುರೆಯಿಂದ ಬಂದ ಪಿಳ್ಳಪ್ಪ ಬಂಗಲೆಯ ಹಂಗಾಮಿ ಮಾಲಿ. ಅವತ್ತು ಮಧ್ಯಾಹ್ನ ಅಮಲ್ದಾರರು ತೋಟ ನೋಡಿ ಮೆಚ್ಚಿದರೆ ಕಾಯಂ. ಬೆಳಗ್ಗೆ ಎದ್ದು ನೋಡುತ್ತಾನೆ, ಅದೇ ಅಮಲ್ದಾರರು ಊಟಿಯಿಂದ ತರಿಸಿ ನೆಡಿಸಿದ್ದ ನೀಲಗಿರಿ ಮರದ ತೊಗಟೆ ಹರಕು ಪಂಚೆಯ ಹಾಗೆ ಸುಲಿದು ಜೋತಾಡುತ್ತಿದೆ! ಅಯ್ಯೋ ಎಂದು ಬೇಲಿಯತ್ತ ಓಡಿದ.

ಬೇಲಿಯಾಚೆ ಹಲ್ಲುಜ್ಜುತ್ತಿದ್ದ ಲಕ್ಷ್ಮಯ್ಯ ಮೇಷ್ಟ್ರು ಬೆಂಗಳೂರಲ್ಲಿ ಕಾಲೇಜು ಓದಿದವರು. ಈ ಮರ ಹಾವು ಪೊರೆ ಬಿಟ್ಟ ಹಾಗೆ ವರ್ಷಾ ವರ್ಷಾ ತೊಗಟೆ ಬಿಡುತ್ತದೆಂದು ಬಲ್ಲವರು. ಅಷ್ಟು ಹೇಳಿದ್ದರೆ ಆಗುತ್ತಿತ್ತು. ಆದರೆ ನಾಲಿಗೆ ತುರಿಸಿತು. ಊರ ಪಂಡಿತರ ಗೊಗ್ಗರು ದನಿ ತೆಗೆದು, "ಹ್ಞೂಂ... ಸಿಡುಬು ಕಣಪ್ಪಾ. ಮರಕ್ಕೆ ಅಮ್ಮ ಆಗಿದೆ. ಪಥ್ಯ ಮಾಡು" ಎಂದರು.

"ಮರಕ್ಕಾ ಸೋಮಿ?"

"ಯಾಕೆ, ಅದಕ್ಕೆ ಜೀವ ಇಲ್ವೇನಯ್ಯಾ?"

ಪಿಳ್ಳಪ್ಪನ ಹೆಂಡತಿ ಸೊಣ್ಣಮ್ಮ ಮರಕ್ಕೆ ಅರಿಶಿನ ಬಳಿದು ಬೇವಿನ ಸೊಪ್ಪು ಕಟ್ಟಿದಳು. ಪಕ್ಕದ ಬೀದಿಯ ಅಕ್ಕಯಮ್ಮ ಸೊಂಟಕ್ಕೆ ಕೈಯಿಟ್ಟು ಬಂದಳು. "ಲೇ ಪಿಳ್ಳ, ಅಮ್ಮ ಇರೋ ಕಡೆ ಕಸ ಗುಡಿಸ್ತಾರೇನ್ಲಾ? ಪೊರಕೆ ಮಡಗು! ವಗ್ಗರಣೆ ಸದ್ದೂ ಕೇಳಬಾರ್ದು!"

ಪಿಳ್ಳಪ್ಪ ಪೊರಕೆ ಬಿಸಾಡಿದ. ಬಂಗಲೆಯ ಅಡುಗೆಮನೆಗೆ ನುಗ್ಗಿ ಒಲೆಗೂ ನೀರು ಹುಯ್ದ.

ಮಧ್ಯಾಹ್ನ ಅಮಲ್ದಾರರು ಬಂದರು. ತೋಟದ ತುಂಬ ತರಗೆಲೆ. ತಟ್ಟೆಯಲ್ಲಿ ಸಾಸಿವೆ ಕಾಣದ ಸಪ್ಪೆ ಮೊಸರನ್ನ. ಹೊರಗೆ, ಮದುವಣಗಿತ್ತಿಯಂತೆ ಹಳದಿಯಾಗಿ ನಿಂತ ಮರದ ಸುತ್ತ ತಂಬಿಟ್ಟು ಹಿಡಿದ ಹೆಂಗಸರು.

"ಏನಯ್ಯಾ ಇದು? ತೊಗಟೆ ಬಿಡೋದು ಈ ಮರದ ಗುಣ!"

ಪಿಳ್ಳಪ್ಪನ ಮುಖ ನೋಡಲಾಗದೆ ಮೇಷ್ಟ್ರು ಮುಂದೆ ಬಂದರು. "ತಪ್ಪು ನಂದು ಸ್ವಾಮಿ. ತಮಾಷೆಗೆ ಹೇಳ್ಬಿಟ್ಟೆ. ಇವನ ಕೆಲಸ ಮಾತ್ರ ತೆಗೀಬೇಡಿ."

"ಅಮ್ಮನ್ನೇ ಆಡ್ಕೊಳ್ತೀರಾ ಮೇಷ್ಟ್ರೇ?" ಹೆಂಗಸರು ಮುತ್ತಿಕೊಂಡರು. ಅಮಲ್ದಾರರು ಆ ಗುಂಪನ್ನೊಮ್ಮೆ ನೋಡಿ, ಮೆಲ್ಲನೆ ಬೂಟು ಬಿಚ್ಚಿ ಮರಕ್ಕೆ ಕೈಮುಗಿದರು.

"ಇನ್ನು ಇದು ಗುಡಿ ಕಣಯ್ಯಾ. ಗುಡಿಗೆ ಮಾಲಿ ಯಾಕೆ?"

"ಪೂಜಾರಿ ಬೇಕಲ್ವಾ ಬುದ್ಧಿ?" ಪಿಳ್ಳಪ್ಪ ಆಸೆಯಿಂದ ಕೇಳಿದ.

"ಅದಕ್ಕೆ ನನ್ನ ತಮ್ಮ ಮುನಿವೆಂಕಟಪ್ಪ ಅವ್ನಲ್ಲಾ!" ಎಂದಳು ಅಕ್ಕಯಮ್ಮ.

ಯಾರೋ ಕಿಸಕ್ಕೆಂದರು. ಅಮಲ್ದಾರರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಿಳ್ಳಪ್ಪ. ಮೇಷ್ಟ್ರು ತಲೆ ತಗ್ಗಿಸಿದರು. "ಸಾಕು ನಡಿ, ಜನ ನೋಡ್ತಾವ್ರೆ" ಎಂದು ಸೊಣ್ಣಮ್ಮ ತೋಳು ಹಿಡಿದೆಳೆದರೂ ಅವನ ನಗು ನಿಲ್ಲಲಿಲ್ಲ.