ಬಲದಿಂದ ಓದುವ ಪ್ರೇಮ

ನನ್ನ ಸೋದರತ್ತೆಯಷ್ಟು ಪ್ರೇಮಪ್ರಕರಣಗಳನ್ನು ಸಿಂದಗಿ ತಾಲೂಕಿನಲ್ಲಿ ಇನ್ನಾರೂ ನಿಭಾಯಿಸಿಲ್ಲ. ಎಲ್ಲವೂ ಜಪಾನಿನವು! ಐವತ್ತೆರಡರ ಈ ಅವಿವಾಹಿತ ಗಣಿತದ ಟೀಚರಿಗೆ, ಇಂಗ್ಲಿಷಿನಲ್ಲಿ ಸಿಗುವ ಮಾಂಗಾ ಎಂಬ ಚಿತ್ರಕಾದಂಬರಿಗಳ ಹುಚ್ಚು. ಅವೂ ಮಕ್ಕಳವಲ್ಲ, ಬೆಳೆದವರವು. ದರ್ಪದ ಸಾಹೇಬ, ಅವನ ಕೈಕೆಳಗಿನ ಹೆಣ್ಣು. ಒಂದು ಪುಟ ಅಪ್ಪಣೆ, ಒಂದು ಪುಟ ಅಪ್ಪುಗೆ. ಅತ್ತೆ ಅವನ್ನು ಬಸ್ಸಿನಲ್ಲೇ ಬಿಚ್ಚಿ ಕೆಂಪು ಪೆನ್ನಿನಿಂದ ತಿದ್ದುತ್ತಾಳೆ. ಪಕ್ಕದಲ್ಲಿ ಬೆವರುವವನು ನಾನು. ಆಕೆಗಿಂತ ಏಳು ವರ್ಷ ಚಿಕ್ಕವನಾದರೂ ನನ್ನ ತಲೆಯೇ ಹೆಚ್ಚು ನರೆತಿರುವುದೇಕೆ, ಹೇಳಬೇಕೆ?

“ಅತ್ತಿ, ಮಂದಿ ನೋಡಾಕತ್ತಾರ!”

“ನೋಡ್ಲಿ ಬಿಡು. ಅವರು ಚಿತ್ರಾ ನೋಡ್ತಾರ, ನಾ ಮನಸ್ಸು ನೋಡ್ತೇನಿ. ಅಪ್ಪಣೆ ಮಾಡಾಂವ ಮುಷ್ಟಿ ಯಾಕ ಬಿಗಿ ಹಿಡದಾನ, ಹೇಳು? ಅಂಜ್ಯಾನ!”

ಮನಸ್ಸಂತೆ! ಮೊದಲ ಆರು ತಿಂಗಳು ಆಕೆ ಅವನ್ನು ಎಡದಿಂದ ಬಲಕ್ಕೆ ಓದಿದ್ದಳು. ಪ್ರತಿ ಕಥೆಯೂ ಅಪ್ಪುಗೆಯಿಂದ ಶುರುವಾಗಿ ‘ನೀನು ಯಾರು?’ ಎಂಬಲ್ಲಿ ಮುಗಿಯುತ್ತಿತ್ತು. “ಥೇಟ್ ನಮ್ಮ ಕಡಿ ಸಂಸಾರ!” ಎಂದು ಬೆರಗಾಗಿದ್ದಳು. ಕೊನೆಗೆ ಅವಳ ಶಾಲೆಯ ಉರ್ದು ಟೀಚರು ನಕ್ಕು ನಕ್ಕು, “ಅಕ್ಕೋರ, ಜಪಾನಿನ ಪುಸ್ತಕಾನೂ ನಮ್ಮ ಉರ್ದು ಪುಸ್ತಕದಂಗ ಬಲದಿಂದ ಓದ್ರಿ” ಎಂದರು. ಅತ್ತೆ ಎಲ್ಲವನ್ನೂ ಮತ್ತೆ ಓದಿ ತೀರ್ಪು ಕೊಟ್ಟಳು: “ಬಲ ಯಾವ ಕಡಿಂದ ಶುರು ಅನ್ನೂದು ತಿಳೀದಿದ್ರ ಪ್ರೀತಿ ತಿಳ್ಯಾಂಗಿಲ್ಲ!”

ಇಂಥವಳನ್ನು ನೋಡಲು ಪಕ್ಕದ ಇಂಡಿ ತಾಲೂಕಿನಿಂದ ಒಬ್ಬರು ಬಂದರು. ನಿವೃತ್ತ ಅಧಿಕಾರಿ, ವಿಧುರರು. ಅತ್ತೆಗೂ ಆಸೆಯಿತ್ತು, ಬೆಳಿಗ್ಗೆಯಿಂದ ಮೂರು ಸೀರೆ ಬದಲಿಸಿದ್ದಳು. ಇದು ತಪ್ಪಿದರೆ ಇನ್ನೊಂದು ಬಂದೀತೇ? ನಾನು ಪುಸ್ತಕಗಳನ್ನೆಲ್ಲ ಜೋಳದ ಚೀಲದ ಹಿಂದೆ ತುರುಕಿದೆ.

ಸಾಹೇಬರು ಕುಳಿತವರೇ ಗುಡುಗಿದರು: “ಮೊದಲ ಹೇಳಿಬಿಡ್ತೇನಿ. ನಮ್ಮ ಮನ್ಯಾಗ ನಾ ಹೇಳಿದ್ದ ನಡೀಬೇಕು!”

ನಾನು ಕಣ್ಣು ಮುಚ್ಚಿದೆ.

“ಮನ್ಯಾಗ ಯಾರ್ಯಾರು ಅದಾರ್ರಿ?” ಅತ್ತೆ ಕೇಳಿದಳು.

“ನಾ ಒಬ್ಬನ.”

“ಮತ್ತ ಯಾರಿಗೆ ಹೇಳ್ತೀರಿ?”

ಬಲವೆಂಬುದು ಆ ಕುರ್ಚಿ ಬಿಟ್ಟು ಈ ಕುರ್ಚಿಗೆ ನಡೆದು ಬಂದದ್ದನ್ನು ಕಣ್ಣಾರೆ ಕಂಡೆ. ಅತ್ತೆ ಗೆದ್ದಳು, ಗಂಡು ಕೈತಪ್ಪಿತು ಎಂದುಕೊಂಡೆ.

ಸಾಹೇಬರು ನೆಲ ನೋಡುತ್ತ ಹೇಳಿದರು: “ಜೋರಾಗಿ ಮಾತಾಡಿದ್ರ ಮನ್ಯಾಗ ಯಾರೋ ಅದಾರ ಅನಸ್ತೈತ್ರಿ.”

ಅತ್ತೆ ನಗಲಿಲ್ಲ. ಎದ್ದು, ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅವರ ಪಕ್ಕದಲ್ಲೇ ಹಾಕಿ ಕುಳಿತಳು.

“ಇನ್ನ ಮ್ಯಾಲ ಮೆಲ್ಲಕ ಹೇಳ್ರಿ,” ಎಂದಳು. “ನನಗ ಕೇಳಿಸ್ತೈತಿ.”