ಎರಡರಷ್ಟು ಹಾಸಿಗೆ

ಮಾವ ಶಂಕರನಾರಾಯಣ ರಾಯರು ಆರಡಿ ಎತ್ತರ. ಪಂಢರಿನಾಥನ ಹಾಸಿಗೆ ಐದಡಿ. ತೊಂದರೆ ಹುಟ್ಟಿದ್ದು ಆ ಒಂದಡಿಯಿಂದ. ಕಳೆದ ಸಲ ಮದ್ರಾಸಿಗೆ ಬಂದು ಹೋದ ಮಾವ, "ಅಳಿಯನ ಮನೆಯಲ್ಲಿ ನನ್ನ ಕಾಲು ನೆಲದ ಮೇಲೆ" ಎಂದು ಉಡುಪಿಯ ತುಂಬ ಹೇಳಿದ್ದರು. ಈ ಭಾನುವಾರ ಮಧ್ಯಾಹ್ನದ ಊಟಕ್ಕೆ ಅವರು ಮತ್ತೆ ಬರುವವರಿದ್ದರು.

ಪಂಢರಿನಾಥ ಮರ್ಯಾದೆಗೆ ಅಂಜುವ ಮನುಷ್ಯ. ಆ ಭಾನುವಾರ ಬೆಳಿಗ್ಗೆಯೇ ಹಾಸಿಗೆ ಹೊಲಿಯುವ ಬಾಬುವನ್ನು ಪುರಸೈವಾಕ್ಕಂನ ತನ್ನ ವಠಾರಕ್ಕೆ ಕರೆತಂದ. ಹಳೆಯ ಹಾಸಿಗೆ ಬಿಚ್ಚಿಸಿ, ಅವನು ಚೀಲದಲ್ಲಿ ತಂದಿದ್ದ ಅಷ್ಟೇ ತೂಕದ ಹೊಸ ಬೂರುಗದ ಹತ್ತಿ ಸೇರಿಸಿ, "ಉದ್ದ, ಅಗಲ, ದಪ್ಪ, ಎಲ್ಲವೂ ಎರಡರಷ್ಟು ಇರಲಿ" ಎಂದ.

ಹೊಲಿದು ತುಂಬಿಸಿದ್ದಾಯಿತು. ವಠಾರದ ಹಜಾರದಲ್ಲಿ ಅದು ಉಪವಾಸದ ಆನೆಯಂತೆ ಬಿದ್ದಿತ್ತು: ಚರ್ಮ ಉಂಟು, ಹೊಟ್ಟೆಯಿಲ್ಲ.

"ಹತ್ತಿ ಎಲ್ಲಿ ಮಾರಾಯಾ?"

"ಪಂಜೆಲ್ಲಾಂ ಉಳ್ಳೇದಾನ್ ಸಾರ್," ಹತ್ತಿಯೆಲ್ಲ ಒಳಗೇ ಇದೆ ಎಂದು ಬಾಬು ಬರಿದಾದ ಚೀಲ ಬಿಚ್ಚಿ ತೋರಿಸಿದ.

ಎದುರುಮನೆಯ ತುಂಗಾ ಕಾಲೇಜಿನಲ್ಲಿ ಗಣಿತ ಓದುತ್ತಿದ್ದಳು. "ಮಾಮಾ, ಉದ್ದ ಎರಡರಷ್ಟಾದರೆ ಹತ್ತಿ ಎರಡು ಪಾಲು. ಅಗಲವೂ ಆದರೆ ನಾಲ್ಕು. ದಪ್ಪವೂ ಸೇರಿದರೆ ಎಂಟು. ನೀವು ಹಾಕಿದ್ದು ಎರಡೇ."

"ಬಟ್ಟೆ ಸರಿಹೋಯಿತಲ್ಲ?"

"ಅದೂ ಸುಮಾರು ನಾಲ್ಕರಷ್ಟು ಹಿಡಿದಿದೆ. ಮಾಮಿಯನ್ನೇ ಕೇಳಿ."

"ಹಾಗೋ, ನನ್ನ ಕಿಟಕಿ ಪರದೆ ಹೋದದ್ದು," ಎಂದಳು ಹೆಂಡತಿ ಗುಣವತಿ.

ಭಾನುವಾರ, ಅಂಗಡಿಗಳೆಲ್ಲ ಮುಚ್ಚಿದ್ದವು. ಪಂಢರಿನಾಥ ತಲೆಯ ಮೇಲೆ ಕೈಹೊತ್ತು ಕೂತ. ಆಗ ಪಕ್ಕದ ಮನೆಯ ಸುಗುಣಮ್ಮ ತಮ್ಮ ಹಾಸಿಗೆಯನ್ನೇ ಹೊತ್ತು ತಂದರು. "ಬಿಚ್ಚಿ ತುಂಬಿಸು ಪಂಢರಿ. ನಿನ್ನ ಮಾವ ನಮಗೂ ಮಾವನೇ." ಅವರ ಹಿಂದೆ ಇಡೀ ವಠಾರವೇ ಬಂತು. ಮೂಲೆಮನೆಯ ಅಜ್ಜಿ ತಲೆದಿಂಬು ಕೊಡುತ್ತಾ, "ಇದರಲ್ಲಿ ಲಾವಂಚ ಉಂಟು, ನಿದ್ದೆ ಚಂದ ಬರ್ತದೆ" ಎಂದರು. ಮಧ್ಯಾಹ್ನದ ಹೊತ್ತಿಗೆ ಯಾರ ಮನೆಯಲ್ಲೂ ಹಾಸಿಗೆಯಿರಲಿಲ್ಲ, ದಿಂಬೂ ಇರಲಿಲ್ಲ; ಆನೆಗೆ ಮಾತ್ರ ಹೊಟ್ಟೆ ಬಂದಿತ್ತು. ಎಲ್ಲರೂ ಸೇರಿ ತಳ್ಳಿದರೂ ಅದು ಪಂಢರಿನಾಥನ ಬಾಗಿಲೊಳಗೆ ಹೋಗಲಿಲ್ಲ. ಹಜಾರದಲ್ಲೇ ಉಳಿಯಿತು.

ಮಾವ ಬಂದರು, ಉಂಡರು, ಹಾಸಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇಂಥ ಅಳಿಯ ಹತ್ತೂರಿನಲ್ಲಿ ಇಲ್ಲ," ಎಂದರು. ಪಂಢರಿನಾಥನ ಎದೆ ಪೂರಿಯಂತೆ ಉಬ್ಬಿತು. "ಆದರೆ ಬೆನ್ನುನೋವು ನೋಡಿ. ಬರೀ ನೆಲದಲ್ಲೇ ಮಲಗಬೇಕು ಅಂತ ವೈದ್ಯರ ಕಟ್ಟಪ್ಪಣೆ. ಒಂದು ಚಾಪೆ ಕೊಡಿ, ಸಾಕು." ಒಳಗೆ ಹೋಗಿ ಚಾಪೆ ಹಾಸಿ ನಿದ್ದೆಹೋದರು.

ಹೋಗಲಿ, ತಾನಾದರೂ ಮಲಗೋಣವೆಂದು ಪಂಢರಿನಾಥ ಹಜಾರಕ್ಕೆ ಬಂದ. ಹಾಸಿಗೆ ಕಳೆದುಕೊಂಡ ವಠಾರವೆಲ್ಲ ತಟ್ಟೆಯೊಳಗಿನ ಇಡ್ಲಿಗಳಂತೆ ಅದರ ಮೇಲೆ ಸಾಲಾಗಿ ಮಲಗಿತ್ತು. ಎಬ್ಬಿಸುವುದು ಹೇಗೆ? ಆರು ಪಾಲು ಹತ್ತಿ ಅವರದೇ. ಉಳಿದ ಎರಡು ಪಾಲಿನ ಮೇಲೆ ಗುಣವತಿ ಮಗುವನ್ನು ತಬ್ಬಿಕೊಂಡು ಗೊರಕೆ ಹೊಡೆಯುತ್ತಿದ್ದಳು.

ಸೆಕೆಗೆ ಅಜ್ಜಿಯ ಹಣೆ ಬೆವರಿತ್ತು. ಪಂಢರಿನಾಥ ಗೋಡೆಗೆ ಒರಗಿ ಕೂತು ಮೆಲ್ಲನೆ ಬೀಸಣಿಗೆ ಬೀಸತೊಡಗಿದ.

ಸುಗುಣಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಪಂಢರೀ, ಗಾಳಿ ಸ್ವಲ್ಪ ಈಚೆಗೂ ಬರಲಿ."