ಆರ್ವಿಡ್ ಆರಿಸಿದ ಮೂರು ದೀಪಗಳು

"ಸಾವಿರ ಅಡಿ ಉದ್ದದ ಹಡಗನ್ನು ಮಂಜಿನಲ್ಲಿ ದಡ ಮುಟ್ಟಿಸಿದವನಿಗೆ ಮೂರು ದೀಪ ಆರಿಸೋಕೆ ಬರೋಲ್ವಾ? ಕಪಾಟು ನಿನ್ನದು, ಕಲ್ಲು ನಿನ್ನದು, ಗೋಡೆ ಬಣ್ಣ ನಿನ್ನದು. ಮೇಲಿನ ದೀಪ ಮಾತ್ರ ನನ್ನದು!"

ಅಮೆರಿಕದ ಡುಲೂತ್ ಬಂದರಿನ ನಿವೃತ್ತ ಹಡಗು ಕ್ಯಾಪ್ಟನ್ ಆರ್ವಿಡ್ ಸ್ಟೆನ್‌ಬರ್ಗ್ ಹೀಗೆ ಗುಡುಗಿದ್ದು ದೀಪದಂಗಡಿಯ ಬಾಗಿಲಲ್ಲಿ. ಅಡುಗೆಮನೆ ರಿಪೇರಿಯಲ್ಲಿ ಎರಡು ತಿಂಗಳು ಧೂಳು ಕುಡಿದಿದ್ದ ಹೆಂಡತಿ ಮಾರ್ಲಿಸ್‌ಗೆ ಜಗಳಕ್ಕೂ ಶಕ್ತಿ ಇರಲಿಲ್ಲ.

"ಆಯ್ತು ಮಾರಾಯ. ಆದರೆ ನೀನು ಆರಿಸಿದ ದೀಪ ಆರಿಸಿದ ಹಾಗೇ ಇರುತ್ತೆ, ನೋಡ್ತಿರು."

ಅಂಗಡಿಯ ಹುಡುಗಿ ನಗುತ್ತಾ ಬಂದಳು. "ಸರ್, ಬೆಚ್ಚನೆ ಬೆಳಕು ಬೇಕೋ, ತಣ್ಣನೆಯದೋ?"

"ನಾನು ಕೇಳ್ತಿರೋದು ದೀಪ ಕಣಮ್ಮ, ಸ್ನಾನದ ನೀರಲ್ಲ!"

ಅಂಗಡಿಯಲ್ಲಿ ಇನ್ನೂರು ದೀಪ ಒಟ್ಟಿಗೆ ಉರಿಯುತ್ತಿದ್ದವು. ಆ ಬೆಳಕಲ್ಲಿ ಇದ್ದಿಲೂ ವಜ್ರವೇ! ಆರ್ವಿಡ್ ಮೂರು ಹಡಗಿನ ದೀಪ ಎತ್ತಿಕೊಂಡ. ಹೊರಗೆ ಕಬ್ಬಿಣದ ಪಂಜರ, ಒಳಗೆ ಹೆಬ್ಬೆರಳು ದಪ್ಪದ ಮಬ್ಬು ಗಾಜು. ಬಲ್ಬಿಗೆ ಜೀವಾವಧಿ ಶಿಕ್ಷೆಯಾದಂತಿತ್ತು.

ಸೋಮವಾರ ಎಲೆಕ್ಟ್ರಿಶಿಯನ್ ಟಕರ್ ಏಣಿ ಹತ್ತಿ ತಲೆ ಕೆರೆದುಕೊಂಡ. "ಕ್ಯಾಪ್ಟನ್, ತರಕಾರಿ ಹೆಚ್ಚೋ ಕಲ್ಲುಕಟ್ಟೆ ಇಲ್ಲಿದೆ. ನೀವು ತೋರಿಸ್ತಿರೋದು ಅಲ್ಲಿ."

"ಕಿಟಕಿ ನಡುವಿನಿಂದ ನೇರ ಗೆರೆ ಎಳಿ. ಮೂವತ್ತು ವರ್ಷ ನಾನು ಗೆರೆ ತಪ್ಪಿದವನಲ್ಲ!"

ದೀಪಗಳು ಗೆರೆ ತಪ್ಪಲಿಲ್ಲ, ಕಟ್ಟೆ ತಪ್ಪಿದವು. ಇದ್ದ ಬದ್ದ ಬೆಳಕೆಲ್ಲ ಎರಡಡಿ ಆಚೆ ನೆಲಕ್ಕೆ ಬಿತ್ತು. ಮಾರ್ಲಿಸ್ ಕತ್ತಲಲ್ಲಿ ಈರುಳ್ಳಿ ಹೆಚ್ಚುತ್ತಾ ಕೇಳಿದಳು, "ನೆಲ ಏನಾದರೂ ಓದ್ಕೊಳ್ಳುತ್ತಾ?"

"ದೀಪ ಸರಿಯಾಗೇ ಇದೆ. ಕಟ್ಟೆ ತಪ್ಪು ಜಾಗದಲ್ಲಿದೆ!"

ಅಂದವನು ಅಲ್ಲಿಗೆ ಬಿಡಲಿಲ್ಲ. ಬುಧವಾರ ಅವಳು ಸಾಮಾನು ತರಲು ಹೋದಾಗ ಮೂವರು ಹಳೆಯ ಹಡಗಿನವರನ್ನು ಕರೆಸಿ, ಅಡುಗೆಮನೆ ನಡುವೆ ಬಿಡಿಯಾಗಿ ನಿಂತಿದ್ದ, ಕಲ್ಲು ಹಾಸಿದ ಆ ಮರದ ಕಟ್ಟೆಯನ್ನು ಎರಡಡಿ ಜರುಗಿಸಿ, ನೆಲಕ್ಕೆ ಬೋಲ್ಟು ಬಿಗಿಸಿ, ಸುತ್ತ ಅಂಟು ಸುರಿಸಿದ. ಅವರು ಬಿಯರ್ ಕುಡಿದು ಹಬ್ಬಕ್ಕೆ ಊರಿಗೆ ಹೊರಟರು. ಕಟ್ಟೆ ದೀಪದ ನೇರಕ್ಕೆ ಬಂತು. ವಿಜಯ! ರಾತ್ರಿ ದಣಿದು ಬಂದ ಮಾರ್ಲಿಸ್ ಚೀಲಗಳನ್ನು ಹೊರಬಾಗಿಲ ಬಳಿಯೇ ಇಟ್ಟು ಮಲಗಿಬಿಟ್ಟಳು.

ಗುರುವಾರ ಬೆಳಿಗ್ಗೆ ಅಡುಗೆಮನೆಯಿಂದ ಕೂಗು ಬಂತು. "ಆರ್ವಿಡ್! ಫ್ರಿಜ್ ಬಾಗಿಲು ತೆಗೆಯೋಕಾಗ್ತಿಲ್ಲ!"

ಬಾಗಿಲು ಒಂದು ಗೇಣು ತೆರೆದು ಜರುಗಿಸಿದ ಕಟ್ಟೆಗೆ ಢಣ್ಣೆಂದು ಬಡಿಯಿತು.

"ಹಾಲಿನ ಡಬ್ಬ ಬರುತ್ತಲ್ಲ? ಇನ್ನೇನು ಬೇಕು?"

"ಇವತ್ತು ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಣೋ! ಒಳಗೆ ಹತ್ತು ಕಿಲೋ ಟರ್ಕಿ ಕೋಳಿ ಕೂತಿದೆ! ಮೂರು ಗಂಟೆಗೆ ಹನ್ನೊಂದು ಜನ ಬರ್ತಾರೆ!"

ಆರ್ವಿಡ್ ಬೆವರಿದ. ಆದರೂ ಕ್ಯಾಪ್ಟನ್ ಸೋಲುವುದುಂಟೇ? ಕೈ ತೂರಿಸಿ ಕೋಳಿಯ ಕಾಲು ಹಿಡಿದು ಎಳೆದ. ಅದು ಒಳಗಿನಿಂದ ತಿರುಗಿ ಎಳೆದಂತಿತ್ತು. ಅಡ್ಡಕ್ಕೆ ತಿರುಗಿಸಿದ, ಉದ್ದಕ್ಕೆ ತಿರುಗಿಸಿದ. ಕೆಂಪು ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜಿನ ಬಟ್ಟಲು ಅವನ ಹಬ್ಬದ ಅಂಗಿಯ ಮೇಲೆ ಮಗುಚಿತು. ಕಟ್ಟೆ ಅಲ್ಲಾಡಿಸಿದ, ಅಂಟು ಕಲ್ಲಾಗಿತ್ತು. ಟಕರ್‌ಗೆ ಫೋನ್ ಮಾಡಿದರೆ, "ಕ್ಯಾಪ್ಟನ್, ನಾನು ಅತ್ತೆ ಮನೇಲಿದೀನಿ. ಫ್ರಿಜ್ ಬಾಗಿಲನ್ನೇ ಬಿಚ್ಚಿಬಿಡಿ" ಎಂದು ಇಟ್ಟುಬಿಟ್ಟ.

ಬಾಗಿಲು ಬಿಚ್ಚುವಷ್ಟರಲ್ಲಿ ಮೂರು ಬೆರಳಿಗೆ ಪಟ್ಟಿ ಬಿತ್ತು. ಅಂತೂ ಕೋಳಿ ಬಿಡುಗಡೆಯಾಗಿ ಒಲೆ ಸೇರಿತು.

ಹನ್ನೊಂದು ಜನ ಬಂದರು. ಕೋಳಿ ಬೇಯುವಷ್ಟರಲ್ಲಿ ಹೊರಗೆ ಸಂಜೆಗಪ್ಪು. ಆರ್ವಿಡ್ ಎದೆಯುಬ್ಬಿಸಿ ಸ್ವಿಚ್ ಒತ್ತಿದ. ಪಂಜರದೊಳಗೆ ಮೂರು ಬಲ್ಬುಗಳು ಕೆಂಪಗೆ ಕೆಮ್ಮಿದವು. ನಾದಿನಿ ರೊಸೆಲಾ ಕಣ್ಣು ಕಿರಿದು ಮಾಡಿ, "ಭಾವ, ಕರೆಂಟ್ ಹೋಗ್ತಿದೆಯಾ?" ಎಂದಳು.

"ಹಡಗಲ್ಲಿ ಈ ದೀಪದ ಕೆಳಗೇ ಮೂವತ್ತು ವರ್ಷ ಊಟ ಮಾಡಿದೀನಿ!"

"ಏನು ತಿಂದೆ ಅಂತ ಒಂದು ದಿನವಾದರೂ ಗೊತ್ತಾಯ್ತಾ?" ಎಂದಳು ಮಾರ್ಲಿಸ್.

ಅವಳು ಕೋಳಿಯ ತಟ್ಟೆ ಹೊತ್ತು ಸೀದಾ ಫ್ರಿಜ್ ಮುಂದಿನ ಕಟ್ಟೆಯಂಚಿಗೆ ನಡೆದಳು. ಬಾಗಿಲಿಲ್ಲದ ಫ್ರಿಜ್ ಹಾಲಿನಂಥ ಬೆಳಕು ಚೆಲ್ಲಿತ್ತು. ನೆಂಟರೆಲ್ಲ ತಟ್ಟೆ ಹಿಡಿದು ಅಲ್ಲೇ ಮುತ್ತಿದರು. ಚಾಕು ಸರಾಗ ಓಡಿತು.

ಆರ್ವಿಡ್ ಕೊನೆಯ ಪಟ್ಟಾಗಿ ಸ್ಕ್ರೂಡ್ರೈವರ್ ಹಿಡಿದು ಬಂದ. "ಸರೀರಿ, ಬಾಗಿಲು ಹಾಕ್ತೀನಿ. ಹಾಲು ಕೆಡುತ್ತೆ!"

ಮಾರ್ಲಿಸ್ ತಲೆಯೆತ್ತಲೂ ಇಲ್ಲ.

"ಕೆಡಲಿ ಬಿಡು. ಕೆಟ್ಟಿದ್ದು ಕಣ್ಣಿಗಾದರೂ ಕಾಣುತ್ತೆ!"